ನಡುಗಡಲಲ್ಲಿ ಬಂದೂಕು ಕಾಯುವುದೇ?

2001ರ ಡಿಸೆಂಬರ್ 5ರ ರಾತ್ರಿ. ಅಮೆಜಾನ್ ನದಿಯು ಸಮುದ್ರವನ್ನು ಸೇರುವೆಡೆ, ಬ್ರೆಜಿಲ್‌ನ ಮಕಾಪಾ ಪಟ್ಟಣದ ಬಳಿ 'ಸೀಮಾಸ್ಟರ್' ಎಂಬ ನೌಕೆ ಲಂಗರು ಹಾಕಿ ನಿಂತಿತ್ತು. ಅದರ ನಾಯಕರು ನ್ಯೂಜಿಲೆಂಡ್‌ನ ಸರ್ ಪೀಟರ್ ಬ್ಲೇಕ್. ಪ್ರತಿಷ್ಠಿತ ಅಮೆರಿಕಾಸ್ ಕಪ್ ಹಾಯಿನೌಕಾ ಸ್ಪರ್ಧೆಯನ್ನು 1995 ಮತ್ತು 2000ರಲ್ಲಿ ಗೆದ್ದ ತಂಡದ ನೇತಾರರು; 1994ರಲ್ಲಿ 75 ದಿನಗಳೊಳಗೆ ಸಮುದ್ರಮಾರ್ಗವಾಗಿ ಭೂಪ್ರದಕ್ಷಿಣೆ ಮುಗಿಸಿದವರು. ಕಡಲನ್ನು ಅವರಷ್ಟು ಬಲ್ಲವರು ವಿರಳ.

ಮುಸುಕುಧಾರಿ ದರೋಡೆಕೋರರು ನೌಕೆಯನ್ನೇರಿದಾಗ ಬ್ಲೇಕ್ ಕೆಳಗಿನ ಕೋಣೆಗೆ ಧಾವಿಸಿ ಬಂದೂಕು ತಂದರು, ಗುಂಡು ಹಾರಿಸಿದರು. ಒಬ್ಬನ ಕೈಗೆ ಗಾಯವೂ ಆಯಿತು. ಆದರೆ ಅಷ್ಟರಲ್ಲಿ ಬಂದೂಕು ಕೈಕೊಟ್ಟಿತು. ದರೋಡೆಕೋರರ ಗುಂಡಿಗೆ ಬ್ಲೇಕ್ ಬಲಿಯಾದರು. ಆಗ ಅವರಿಗೆ 53 ವರ್ಷ. ಬಂದವರು ಹೊತ್ತೊಯ್ದದ್ದು ಒಂದು ಔಟ್‌ಬೋರ್ಡ್ ಎಂಜಿನ್ ಮತ್ತು ಕೆಲವು ಕೈಗಡಿಯಾರಗಳನ್ನು.

ಸ್ವಂತ ನೌಕೆಯಲ್ಲಿ ಸಾಗರಯಾನ ಹೊರಡುವವರ ನಡುವೆ ಅಂದಿನಿಂದಲೂ ಒಂದು ಚರ್ಚೆ ನಡೆದೇ ಇದೆ. ಆತ್ಮರಕ್ಷಣೆಗೆ ಆಯುಧ ಬೇಕೇ, ಬೇಡವೇ?

ಗೆದ್ದವರೂ ಉಂಟು

ಆಯುಧದಿಂದ ಬದುಕುಳಿದವರೇ ಇಲ್ಲವೆನ್ನಲಾಗದು. 2005ರ ಮಾರ್ಚ್‌ನಲ್ಲಿ ಯೆಮೆನ್ ಕರಾವಳಿಯಾಚೆ 'ಮಹ್ದಿ' ಮತ್ತು 'ಗಂಡಾಲ್ಫ್' ಎಂಬ ಎರಡು ಹಾಯಿನೌಕೆಗಳು ಜೊತೆಜೊತೆಯಾಗಿ ಸಾಗುತ್ತಿದ್ದಾಗ ಕಡಲ್ಗಳ್ಳರು ಗುಂಡಿನ ಮಳೆಗರೆದರು. ಒಂದು ನೌಕೆಯವರು ಬಂದೂಕಿನಿಂದ ಉತ್ತರ ಕೊಟ್ಟರು. ಇನ್ನೊಂದು ನೌಕೆ ನೇರವಾಗಿ ಕಳ್ಳರ ದೋಣಿಗೆ ಢಿಕ್ಕಿ ಹೊಡೆಯಿತು. ಎರಡೂ ಪಾರಾದವು. ಆದರೆ ಅಲ್ಲಿ ಬಂದೂಕಿನೊಡನೆ ಉಕ್ಕಿನ ಒಡಲಿತ್ತು, ಕೂಗಳತೆಯಲ್ಲಿ ಜೊತೆಗಾರರಿದ್ದರು ಎಂಬುದನ್ನು ಮರೆಯುವಂತಿಲ್ಲ.

ಹಾಯಿನೌಕೆಯ ವೇಗ ಸಾಮಾನ್ಯವಾಗಿ ಗಂಟೆಗೆ ಐದರಿಂದ ಏಳು ನಾಟಿಕಲ್ ಮೈಲಿ, ಅಂದರೆ ಸೈಕಲ್ ತುಳಿಯುವವನಿಗಿಂತಲೂ ಕಡಿಮೆ. ಸೊಮಾಲಿ ಕಡಲ್ಗಳ್ಳರ ಚಿಕ್ಕ ದೋಣಿಗಳು ಅದರ ಮೂರ್ನಾಲ್ಕು ಪಟ್ಟು ವೇಗದಲ್ಲಿ ಬರುತ್ತವೆ. ಅವರ ಕೈಯಲ್ಲಿ ಸ್ವಯಂಚಾಲಿತ ಬಂದೂಕುಗಳೂ ರಾಕೆಟ್ ಲಾಂಚರ್‌ಗಳೂ ಇರುತ್ತವೆ. ಓಡಿ ತಪ್ಪಿಸಿಕೊಳ್ಳಲಾಗದು, ಹೋರಾಡಿ ಗೆಲ್ಲುವುದೂ ಕಷ್ಟ. ಉಳಿಯುವ ದಾರಿಯೆಂದರೆ ಅಂಥ ಕಡಲಿಗೆ ಹೋಗದಿರುವುದು.

ಈ ಪಾಠಕ್ಕೆ ಜಗತ್ತು ತೆತ್ತ ಬೆಲೆ ದೊಡ್ಡದು. 2009ರ ಏಪ್ರಿಲ್‌ನಲ್ಲಿ ಫ್ರಾನ್ಸಿನ 'ತಾನಿತ್' ನೌಕೆಯನ್ನು ಕಡಲ್ಗಳ್ಳರ ಕೈಯಿಂದ ಬಿಡಿಸುವ ಕಮಾಂಡೊ ಕಾರ್ಯಾಚರಣೆಯಲ್ಲಿ ಅದರ ನಾಯಕನೇ ಅಸುನೀಗಿದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೇಶೆಲ್ಸ್‌ನಿಂದ ತಾಂಜಾನಿಯಾದತ್ತ ಹೊರಟಿದ್ದ ಬ್ರಿಟಿಷ್ ದಂಪತಿ 388 ದಿನ ಒತ್ತೆಯಾಳುಗಳಾಗಿದ್ದರು. 2011ರ ಫೆಬ್ರವರಿಯಲ್ಲಿ 'ಕ್ವೆಸ್ಟ್' ನೌಕೆಯ ನಾಲ್ವರು ಅಮೆರಿಕನ್ನರು ತಮ್ಮೊಡನೆ ಸಾಗುತ್ತಿದ್ದ ನೌಕೆಗಳ ಗುಂಪನ್ನು ಬಿಟ್ಟು, ನಮ್ಮ ಮುಂಬಯಿಯಿಂದ ಒಮಾನ್‌ನ ಸಲಾಲಾಕ್ಕೆ ಪ್ರತ್ಯೇಕ ಮಾರ್ಗ ಹಿಡಿದರು. ಬೆನ್ನಹಿಂದೆ ಅಮೆರಿಕದ ಯುದ್ಧನೌಕೆಗಳಿದ್ದರೂ ಫೆಬ್ರವರಿ 22ರಂದು ಕಡಲ್ಗಳ್ಳರು ನಾಲ್ವರನ್ನೂ ಕೊಂದರು.

ಬಂದರಿನಲ್ಲಿ ಕಾನೂನಿನ ಗಂಟು

ಆಯುಧಕ್ಕೆ ಇನ್ನೊಂದು ತೊಡಕಿದೆ. ನೌಕೆಯು ಒಂದು ದೇಶದ ಜಲಪ್ರದೇಶವನ್ನು ಹೊಕ್ಕೊಡನೆ ಅಲ್ಲಿನ ಕಾನೂನು ಅನ್ವಯವಾಗುತ್ತದೆ. ಅನೇಕ ದೇಶಗಳಲ್ಲಿ ಬಂದೂಕನ್ನು ಬಂದರಿನಲ್ಲೇ ಘೋಷಿಸಿ, ಹೊರಡುವವರೆಗೆ ಅಧಿಕಾರಿಗಳ ವಶಕ್ಕೆ ಒಪ್ಪಿಸಬೇಕು. ಕಳ್ಳತನಗಳು ಹೆಚ್ಚಾಗಿ ನಡೆಯುವುದು ದಡದ ಬಳಿ ಲಂಗರು ಹಾಕಿದಾಗಲೇ. ಬಂದೂಕು ನೌಕೆಯಲ್ಲಿ ಇಲ್ಲದಿರುವುದೂ ಆಗಲೇ! ಬಚ್ಚಿಟ್ಟು ಸಿಕ್ಕಿಬಿದ್ದರೆ ಸೆರೆವಾಸ. ಖಾರದ ಸ್ಪ್ರೇ ಕೂಡ ಬ್ರಿಟನ್‌ನಂಥ ದೇಶಗಳಲ್ಲಿ ನಿಷಿದ್ಧ ಆಯುಧ.

ನಮ್ಮ ದೇಶದ ನಿದರ್ಶನವೇ ಇದೆ. ಕಡಲ್ಗಳ್ಳರಿಂದ ಹಡಗುಗಳನ್ನು ಕಾಯುವ ಖಾಸಗಿ ಕಾವಲುನೌಕೆ 'ಸೀಮನ್ ಗಾರ್ಡ್ ಓಹಿಯೊ' 2013ರ ಅಕ್ಟೋಬರ್‌ನಲ್ಲಿ ಆಯುಧಗಳ ಸಮೇತ ತೂತ್ತುಕುಡಿಯ ಬಳಿ ಸಿಕ್ಕಿತು. ಅದರಲ್ಲಿದ್ದ 35 ಮಂದಿಗೆ 2016ರ ಜನವರಿಯಲ್ಲಿ ಐದು ವರ್ಷಗಳ ಶಿಕ್ಷೆಯಾಯಿತು. 2017ರ ನವೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತಾದರೂ ಕಳೆದ ವರ್ಷಗಳು ಮರಳಿ ಬರಲಿಲ್ಲ.

ಬಂದೂಕು ಹಿಡಿದವನ ಕಣ್ಣು ತಪ್ಪಬಹುದೆಂಬ ಭೀತಿಯೂ ಸುಳ್ಳಲ್ಲ. 2012ರ ಫೆಬ್ರವರಿ 15ರಂದು ಕೇರಳ ಕರಾವಳಿಯಾಚೆ 'ಎನ್ರಿಕಾ ಲೆಕ್ಸಿ' ಎಂಬ ಇಟಲಿಯ ತೈಲವಾಹಕ ಹಡಗಿನ ರಕ್ಷಣೆಗಿದ್ದ ಯೋಧರು ಹಾರಿಸಿದ ಗುಂಡಿಗೆ ಇಬ್ಬರು ಬಡ ಮೀನುಗಾರರು ಬಲಿಯಾದರು. ಅವರನ್ನು ಕಡಲ್ಗಳ್ಳರೆಂದು ಭಾವಿಸಿದೆವೆಂಬುದು ಯೋಧರ ಪಕ್ಷದ ವಾದವಾಗಿತ್ತು. ಮೀನುಗಾರರು ಬಲೆ ಉಳಿಸಿಕೊಳ್ಳಲೆಂದೋ, ನೀರು ಕೇಳಲೆಂದೋ ನೌಕೆಯ ಸಮೀಪ ಬರುವುದುಂಟು. ತರಬೇತಿ ಪಡೆದ ಯೋಧರೇ ಎಡವಬಹುದಾದರೆ, ನಿದ್ದೆಗಣ್ಣಿನ ವಿಹಾರಿಯ ಪಾಡೇನು?

ಹಾಗಾದರೆ ರಕ್ಷಣೆ ಹೇಗೆ?

ಮೊದಲನೆಯದು ಮಾರ್ಗ ಮತ್ತು ತಂಗುದಾಣದ ಆಯ್ಕೆ. ಹೊರಡುವ ಮುನ್ನ ಆ ಪ್ರದೇಶದಲ್ಲಿ ಈಚೆಗೆ ನಡೆದ ಘಟನೆಗಳನ್ನು ವಿಚಾರಿಸಿ ತಿಳಿಯಬೇಕು. ನಿರ್ಜನ ಕೊಲ್ಲಿಯ ಏಕಾಂತ ಎಷ್ಟೇ ಸೊಗಸಾಗಿದ್ದರೂ, ಅಪರಿಚಿತ ತೀರದಲ್ಲಿ ಇತರ ನೌಕೆಗಳ ನೆರೆಯೇ ಲೇಸು. ಪಯಣದ ವಿವರವನ್ನು ದಡದಲ್ಲಿರುವ ನಂಬಿಗಸ್ತರಿಗೆ ತಿಳಿಸಿರಬೇಕು. ಅಪರಿಚಿತರ ಕಿವಿಗೆ ಅದು ಬೀಳಬಾರದು.

ಎರಡನೆಯದು, ಕಳ್ಳನಿಗೆ ಶ್ರಮ ಹೆಚ್ಚಿಸುವುದು. ಅವನ ಕಣ್ಣು ಹೆಚ್ಚಾಗಿ ಇರುವುದು ಹಿಂದೆ ಕಟ್ಟಿದ ಚಿಕ್ಕ ದೋಣಿ ಮತ್ತು ಅದರ ಎಂಜಿನ್ನಿನ ಮೇಲೆ. ಕತ್ತಲಾಗುತ್ತಲೇ ಅವನ್ನು ನೀರಿನಿಂದ ಮೇಲೆತ್ತಿ ಸರಪಳಿ ಹಾಕಿ ಬೀಗ ಜಡಿಯಬೇಕು. ಹತ್ತುವ ಏಣಿಯನ್ನು ಮೇಲೆಳೆದುಕೊಳ್ಳಬೇಕು. ಮಲಗುವಾಗ ಕ್ಯಾಬಿನ್ನಿನ ಬಾಗಿಲನ್ನು ಒಳಗಿನಿಂದ ಭದ್ರಪಡಿಸಬೇಕು. ಬೆಂಕಿ ಬಿದ್ದರೆ ತಕ್ಷಣ ತೆರೆಯುವಂತೆಯೂ ಇರಬೇಕು.

ಮೂರನೆಯದು ಬೆಳಕು ಮತ್ತು ಸದ್ದು. ಕಾಲಸಪ್ಪಳವಾದಾಗ ಹೊರಗೆ ಧಾವಿಸಬಾರದು. ಒಳಗಿದ್ದುಕೊಂಡೇ ಡೆಕ್ಕಿನ ದೀಪಗಳನ್ನೆಲ್ಲ ಹೊತ್ತಿಸಿ, ಹಾರ್ನ್ ಮೊಳಗಿಸಿ, ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಸುತ್ತಲಿನವರನ್ನು ಕರೆಯಬೇಕು. ಕದಿಯಲು ಬಂದವನು ಬಯಸುವುದು ಕತ್ತಲನ್ನು, ಮೌನವನ್ನು.

ಇಷ್ಟಾಗಿಯೂ ಆಯುಧಧಾರಿಗಳು ಒಳಹೊಕ್ಕರೆ? ಕೇಳಿದ್ದನ್ನು ಕೊಟ್ಟುಬಿಡುವುದೇ ವಿವೇಕ. ಕೈಗಳು ಅವರಿಗೆ ಕಾಣುವಂತಿರಲಿ, ಮಾತು ಮಿತವಾಗಿರಲಿ. ಸ್ವಲ್ಪ ನಗದನ್ನು ಬೇರೆ ಪರ್ಸಿನಲ್ಲಿ ಮುಂದಾಗಿಯೇ ಇರಿಸಿಕೊಂಡಿದ್ದರೆ ಅವರು ಬೇಗ ಹೊರಟುಹೋಗುವ ಸಂಭವವಿದೆ. ಜೀವಕ್ಕೇ ಸಂಚಕಾರ ಬಂದಾಗ ಕೈಗೆ ಸಿಕ್ಕಿದ್ದರಿಂದ ಹೋರಾಡುವ ಹಕ್ಕು ಎಲ್ಲರಿಗೂ ಇದೆ. ಆದರೆ ಅದು ಕಡೆಯ ಮಾರ್ಗ.

ನೆರವಿನ ಎಳೆ ಬೆಂಗಳೂರಿಗೆ

ನಡುಗಡಲಿನ ನೌಕೆಯು ಒಂಟಿಯಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ರಾಜಧಾನಿಯಲ್ಲೇ ಇದೆ. ಅಪಾಯ ಕಾಲದಲ್ಲಿ ನೌಕೆಗಳ ಇಪಿಐಆರ್‌ಬಿ ಸಾಧನವು 406 ಮೆಗಾಹರ್ಟ್ಸ್‌ನಲ್ಲಿ ಹೊರಡಿಸುವ ಸಂಕೇತವನ್ನು ಉಪಗ್ರಹಗಳು ಗ್ರಹಿಸುತ್ತವೆ. ಭಾರತದ ವ್ಯಾಪ್ತಿಯ ಸಂಕೇತಗಳನ್ನು ಬೆಂಗಳೂರಿನಲ್ಲಿರುವ ಇಸ್ರೋ ಸಂಸ್ಥೆಯ ಇಸ್ಟ್ರಾಕ್ ಕೇಂದ್ರವು ಪಡೆದು ರಕ್ಷಣಾ ಪಡೆಗಳಿಗೆ ರವಾನಿಸುತ್ತದೆ. ನಮ್ಮ ಕರಾವಳಿಯಲ್ಲಿ ಕೋಸ್ಟ್ ಗಾರ್ಡ್ ನೆರವಿಗೆ 1554 ಸಂಖ್ಯೆಗೆ ಕರೆ ಮಾಡಬಹುದು.

ಕಡಲ್ಗಳ್ಳರ ಕಥೆ ನಮಗೆ ದೂರದ್ದೇನೂ ಅಲ್ಲ. 2010ರಲ್ಲಿ ಹಡಗು ಸಂಸ್ಥೆಗಳು ಅಪಾಯದ ವಲಯವನ್ನು 78 ಡಿಗ್ರಿ ಪೂರ್ವ ರೇಖಾಂಶದವರೆಗೆ ವಿಸ್ತರಿಸಿದಾಗ ಮಂಗಳೂರು, ಕಾರವಾರಗಳ ಮುಂದಿನ ಸಮುದ್ರವೂ ಅದರೊಳಗೆ ಸೇರಿತ್ತು. 2023ರ ಜನವರಿ 1ರಂದು ಆ ವಲಯವನ್ನು ರದ್ದುಪಡಿಸಲಾಯಿತು. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ 'ರುಯೆನ್' ಹಡಗು ಅಪಹರಣಕ್ಕೊಳಗಾಯಿತು. ಭಾರತೀಯ ನೌಕಾಪಡೆಯು 2024ರ ಮಾರ್ಚ್‌ನಲ್ಲಿ ಅದರ 17 ಸಿಬ್ಬಂದಿಯನ್ನು ಪಾರುಮಾಡಿತು.

ಪೀಟರ್ ಬ್ಲೇಕ್ ಅವರ ಧೈರ್ಯವನ್ನು ಯಾರೂ ಪ್ರಶ್ನಿಸಲಾರರು. ಆದರೆ ಎಂಜಿನ್ನನ್ನು ಮತ್ತೆ ಕೊಳ್ಳಬಹುದು, ಗಡಿಯಾರವನ್ನೂ ಕೊಳ್ಳಬಹುದು. ಸ್ವಂತ ನೌಕೆಯಲ್ಲಿ ಕಡಲಿಗಿಳಿಯುವವರು ಲಂಗರು ಎತ್ತುವ ಮುನ್ನವೇ ಈ ಲೆಕ್ಕವನ್ನು ಮನಸ್ಸಿನಲ್ಲಿ ಇತ್ಯರ್ಥ ಮಾಡಿಕೊಂಡಿರುವುದು ಒಳಿತು.