ಮಗಳಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಂತೆ!

'ಅಮ್ಮಾ, ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡ್ಬೇಕು, ಈ ಕಂಪ್ಯೂಟರ್ ಸಾಕಾಗಲ್ಲ. ಹೊಸದು ಕೊಡ್ಸಮ್ಮ...' ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಈಗ ಇದೇ ರಾಗ. ಬೆಲೆ ಕೇಳಿದರೆ ಲಕ್ಷ ದಾಟುತ್ತೆ. ನೀವು ಚೀಟಿ ಎತ್ತಿದ್ದು ಅವಳಿಗೆ ಹೇಗೋ ಗೊತ್ತಾಗಿಬಿಟ್ಟಿರುತ್ತೆ! ಇಲ್ಲ ಅಂದರೆ ಓದಿಗೆ ಅಡ್ಡ ಬಂದ ಹಾಗೆ, ಹೂಂ ಅಂದರೆ ತಮ್ಮನ ಫೀಸಿಗೆ ಎತ್ತಿಟ್ಟ ದುಡ್ಡು ಖಾಲಿ. ಹಾಗಾದರೆ ಏನು ಮಾಡೋದು?

ಪರ್ಸ್ ತೆಗೆಯುವ ಮೊದಲು ಒಂದು ಕೆಲಸ ಮಾಡಿ. ಅವಳು ಪ್ರಾಜೆಕ್ಟ್ ಓಡಿಸುತ್ತಿರುವಾಗ ಪಕ್ಕದಲ್ಲಿ ಕುಳಿತು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಲು ಹೇಳಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂದು ಶೇಕಡಾ ಲೆಕ್ಕ ಇರುತ್ತೆ. ಯಾವುದು ನೂರರ ಹತ್ತಿರ ಹೋಗಿ ನಿಂತಿದೆಯೋ ಅಲ್ಲೇ ಕಂಪ್ಯೂಟರ್ ಏದುಸಿರು ಬಿಡುತ್ತಿದೆ ಅಂತ ಅರ್ಥ. ದುಡ್ಡು ಹಾಕಬೇಕಾದ್ದು ಅಲ್ಲಿಗೆ.

ಅಡುಗೆಮನೆ ಲೆಕ್ಕದಲ್ಲಿ ಹೇಳುವುದಾದರೆ ಡಿಸ್ಕ್ ಅಂದರೆ ಉಗ್ರಾಣ, ರ‍್ಯಾಮ್ ಅಂದರೆ ಅಡುಗೆ ಕಟ್ಟೆ. ಉಗ್ರಾಣದಲ್ಲಿ ಎಷ್ಟೇ ಸಾಮಾನಿರಲಿ, ಹೆಚ್ಚೋದು, ಕಲಸೋದು ಕಟ್ಟೆ ಮೇಲೇ ತಾನೆ? ಎಕ್ಸೆಲ್‌ನ ಒಂದು ಹಾಳೆ 10,48,576 ಸಾಲು ಮಾತ್ರ ಹಿಡಿಯುತ್ತೆ. ಅದಕ್ಕಿಂತ ದೊಡ್ಡದನ್ನು ಮಕ್ಕಳು ಪೈಥಾನ್‌ನಲ್ಲಿ ತೆರೆಯುತ್ತಾರೆ. ಅಲ್ಲಿ ಬಳಸುವ ಪಾಂಡಾಸ್ ಸಾಮಾನ್ಯವಾಗಿ ಇಡೀ ಫೈಲನ್ನು ರ‍್ಯಾಮ್‌ಗೆ ಸುರಿದುಕೊಳ್ಳುತ್ತದೆ. 2 ಜಿಬಿ ಫೈಲ್ ಅಲ್ಲಿ ಉಬ್ಬಿ ಎರಡು ಮೂರು ಪಟ್ಟಾದರೂ ಆಶ್ಚರ್ಯವಿಲ್ಲ. 8 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್, ಬ್ರೌಸರ್ ತಿಂದು ಉಳಿಯುವ ಜಾಗ ಎಷ್ಟು ಹೇಳಿ! 16 ಮಾಡಿಸಿ. ದೊಡ್ಡ ದೊಡ್ಡ ಡೇಟಾದ ಕೆಲಸವೇ ಹೆಚ್ಚಾದರೆ 32. ಡಿಡಿಆರ್4 ಜಾಗದಲ್ಲಿ ಡಿಡಿಆರ್5 ಕೂರುವುದಿಲ್ಲ, ಹಳೆಯದು ಯಾವುದೆಂದು ಬರೆದುಕೊಂಡೇ ಅಂಗಡಿಗೆ ಹೋಗಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಚಿನ್ನದ ಹಾಗೆ ಏರಿತು, ಆದ್ದರಿಂದ ಎರಡು ಮೂರು ಕಡೆ ವಿಚಾರಿಸಿ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. ಅದರಲ್ಲಿ ಎರಡು ಮಾತಿಲ್ಲ.

ಇನ್ನು ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಅಂದರೆ ಎಲ್ಲ ಅಡುಗೆ ಬಲ್ಲ ನಾಲ್ಕಾರು ಭಟ್ಟರು. ಗ್ರಾಫಿಕ್ಸ್ ಕಾರ್ಡ್ ಅಂದರೆ ಹೋಳಿಗೆ ತಟ್ಟಲು ಸಾಲಾಗಿ ಕೂತ ಸಾವಿರಾರು ಜನ. ಒಂದೇ ಥರದ ಸಣ್ಣ ಲೆಕ್ಕವನ್ನು ಏಕಕಾಲಕ್ಕೆ ಮಾಡಿ ಮುಗಿಸುತ್ತಾರೆ. ಚಿತ್ರ ಗುರುತಿಸುವುದು, ಭಾಷೆ ಕಲಿಸುವುದು ಮುಂತಾದವಕ್ಕೆ ಇದು ಬೇಕು. ಆದರೆ ಮನೆ ಬೆಲೆ ಅಂದಾಜು ಮಾಡುವಂಥ ಪ್ರಾಜೆಕ್ಟ್‌ಗಳನ್ನು ಮಕ್ಕಳು ಹೆಚ್ಚಾಗಿ ಸೈಕಿಟ್-ಲರ್ನ್‌ನಲ್ಲಿ ಮಾಡುತ್ತಾರೆ. ಅದು ಮುಖ್ಯವಾಗಿ ಪ್ರೊಸೆಸರ್ ಮೇಲೇ ಓಡುತ್ತೆ. ಅದಕ್ಕೆಂದು ಕಾರ್ಡ್ ತಂದರೆ ಷೋಕೇಸಿನ ಬೊಂಬೆ, ಅಷ್ಟೆ.

2012ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ ಎಂಬ ವಿದ್ಯಾರ್ಥಿ ಅಪ್ಪ-ಅಮ್ಮನ ಮನೆಯ ತಮ್ಮ ಕೋಣೆಯಲ್ಲೇ ಎರಡು ಕಾರ್ಡ್ ಇಟ್ಟುಕೊಂಡು ಅಲೆಕ್ಸ್‌ನೆಟ್‌ಗೆ ತರಬೇತಿ ಕೊಟ್ಟರು. ಕಾರ್ಡ್‌ಗಳ ಮೆಮೊರಿ ತಲಾ 3 ಜಿಬಿ, ತರಬೇತಿಗೆ ಹಿಡಿದದ್ದು ಐದಾರು ದಿನ. ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಅದು ಎಲ್ಲರನ್ನೂ ಹಿಂದೆ ಹಾಕಿತು. (ಆ ತಾಯಿಯ ಕರೆಂಟ್ ಬಿಲ್ ನೆನೆದು ನನಗೆ ಮೊದಲು ಪಾಪ ಅನ್ನಿಸಿತು!)

ಹಾಗಂತ ಈಗಲೇ ಅಂಗಡಿಗೆ ಓಡಬೇಡಿ. ಗೂಗಲ್‌ನ ಕೊಲಾಬ್, ಕ್ಯಾಗಲ್ ಎರಡರಲ್ಲೂ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಪುಕ್ಕಟೆಯಾಗಿ ಬಳಸಬಹುದು. ಕ್ಯಾಗಲ್‌ನಲ್ಲಿ ವಾರಕ್ಕೆ ಸುಮಾರು 30 ಗಂಟೆ ಸಿಗುತ್ತೆ. ಎರಡು ತಿಂಗಳು ಅಲ್ಲಿ ಮಾಡಲಿ. ಪ್ರತಿ ವಾರವೂ ಆ ಗಂಟೆಗಳು ಸಾಲದೆ ಒದ್ದಾಡಿದಳು ಅಂದರೆ ಅವಳ ಬೇಡಿಕೆ ನಿಜವಾದದ್ದೇ, ಆಗ ಕೊಡಿಸಿ. ಗೇಮ್ ಆಡುವ ಆಸೆಯೂ ಅದರಲ್ಲಿ ಬೆರೆತಿತ್ತೋ ಇಲ್ಲವೋ ಅನ್ನೋದೂ ಅಷ್ಟರಲ್ಲಿ ಗೊತ್ತಾಗುತ್ತೆ ಬಿಡಿ.

ಕೊಳ್ಳುವಾಗ ಹೊಸ ಮಾಡೆಲ್ ಅಂತ ಮರುಳಾಗದೆ ಕಾರ್ಡ್‌ನದೇ ಆದ ಮೆಮೊರಿ ಎಷ್ಟು ಅಂತ ಕೇಳಿ. 2021ರ ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ ಇದ್ದರೆ, 2023ರ 4060ರಲ್ಲಿ 8 ಜಿಬಿ ಮಾತ್ರ. ಹೊಸದು ವೇಗದಲ್ಲಿ ಮುಂದು, ನಿಜ. ಆದರೆ ವೇಗ ಕಡಿಮೆಯಾದರೆ ಕೆಲಸ ನಿಧಾನವಾಗುತ್ತೆ, ಮೆಮೊರಿ ಸಾಲದಿದ್ದರೆ ಎಷ್ಟೋ ಸಲ ಕೆಲಸವೇ ನಿಂತುಹೋಗುತ್ತೆ. 700 ಕೋಟಿ ಅಂಕಿಗಳಿರುವ ಭಾಷಾ ಮಾದರಿಯನ್ನು ಮಾಮೂಲಿ 16 ಬಿಟ್ ಲೆಕ್ಕದಲ್ಲಿ ಇಟ್ಟುಕೊಳ್ಳಲೇ 14 ಜಿಬಿ ಬೇಕು! 3060ರಲ್ಲೂ 8 ಜಿಬಿಯದು ಬಂದಿದೆ, ಡಬ್ಬದ ಮೇಲೆ ಓದಿ. ಮೆಷಿನ್ ಲರ್ನಿಂಗ್‌ಗೆ ಎನ್‌ವಿಡಿಯಾ ಕಾರ್ಡೇ ಸಲೀಸು, ಬಹುಪಾಲು ಸಾಫ್ಟ್‌ವೇರ್ ಅದರ ಕುಡಾ ವ್ಯವಸ್ಥೆಯನ್ನು ನೆಚ್ಚಿಕೊಂಡಿದೆ.

ಜೊತೆಗೆ ಪವರ್ ಸಪ್ಲೈ ನೋಡಿ. 3060ಕ್ಕೆ 550 ವ್ಯಾಟ್‌ನದು ಇರಲಿ ಅನ್ನುತ್ತದೆ ಕಂಪನಿ. ಮನೆಯಲ್ಲಿರುವ ಚಿಕ್ಕ ಯುಪಿಎಸ್ ಇದರ ಭಾರ ಹೊರಲಾರದೆ ಕೈಕೊಡಬಹುದು. ಇಡೀ ಕಂಪ್ಯೂಟರ್ 300 ವ್ಯಾಟ್ ಎಳೆದರೆ ಹತ್ತು ಗಂಟೆಗೆ 3 ಯೂನಿಟ್ ಆಯಿತು. ಗೃಹಜ್ಯೋತಿಯ 200 ಯೂನಿಟ್ ಅಂಚಿನಲ್ಲಿರುವವರು ಇದನ್ನೂ ಲೆಕ್ಕ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಆದರೆ ಕಾರ್ಡ್ ಬದಲಿಸಲು ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ತೆಳ್ಳಗಿನವುಗಳಲ್ಲಿ ಎಷ್ಟೋ ಸಲ ರ‍್ಯಾಮ್ ಕೂಡ ಬೆಸುಗೆ ಹಾಕಿಯೇ ಬಂದಿರುತ್ತೆ.

ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ಕಾರ್ಡ್ ಕೂಡ ಕೇಳಬಹುದು. ಆದರೆ 2022ರ ಸೆಪ್ಟೆಂಬರ್‌ವರೆಗೆ ಇಥೀರಿಯಂ ಗಣಿಗಾರಿಕೆಗೆ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳೂ ಮಾರುಕಟ್ಟೆಗೆ ಬಂದಿವೆ. ಅಂಗಡಿಯಲ್ಲೇ ಹಾಕಿಸಿ ಅರ್ಧ ಗಂಟೆ ಓಡಿಸಿ ನೋಡಿ, ಫ್ಯಾನ್ ಸದ್ದು ಕೇಳಿಸಿಕೊಳ್ಳಿ, ವಾರಂಟಿ ಎಷ್ಟು ಉಳಿದಿದೆ ಅಂತ ಕೇಳಿ, ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡೇ ದುಡ್ಡು ಕೊಡಿ.