ಉಳಿದ ಬೆಳಕು

ಕೂಟಗಲ್ಲಿನ ನನ್ನ ಸೋದರಮಾವ ರೇಷ್ಮೆಹುಳು ಸಾಕಿಯೇ ಸಂಸಾರ ತೂಗಿಸಿದವರು. ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ವೈದ್ಯರು ಅವರಿಗೆ ಗ್ಲಾಕೋಮಾ ಇದೆಯೆಂದು ತಿಳಿಸಿದ ದಿನ ನಾನೂ ಜೊತೆಯಲ್ಲಿದ್ದೆ. 1896ರಲ್ಲಿ ಆರಂಭವಾದ ಆ ಆಸ್ಪತ್ರೆಯ ಹೊರಗೆ ಬಂದು ಮಾವ ಕೇಳಿದುದು ಒಂದೇ ಮಾತು: “ಪೊರೆ ತೆಗೆದ ಹಾಗೆ ಇದನ್ನೂ ತೆಗೆಸಿಬಿಟ್ಟರೆ ಆಗದೇನಪ್ಪ?”

ಪ್ರಶ್ನೆ ಸಹಜವೇ. ಡಾ. ಎಂ. ಸಿ. ಮೋದಿಯವರ (1916–2005) ಶಿಬಿರಗಳಿಂದ ಕಣ್ಣು ಪಡೆದು ಮರಳಿದವರ ಕಥೆಗಳನ್ನು ಕೇಳಿ ಬೆಳೆದ ತಲೆಮಾರು ಅವರದು. ಪೊರೆಯೆಂದರೆ ಕಣ್ಣಿನ ಮಸೂರ ಮಬ್ಬಾಗುವುದು. ಅದನ್ನು ತೆಗೆದರೆ ಬೆಳಕು ಮರಳುತ್ತದೆ. ಗ್ಲಾಕೋಮಾದಲ್ಲಿ ಕೆಡುವುದಾದರೋ ನೋಟವನ್ನು ಮಿದುಳಿಗೆ ಒಯ್ಯುವ ನರ. ಬಹುಮಟ್ಟಿಗೆ ಕಣ್ಣೊಳಗಿನ ದ್ರವದ ಒತ್ತಡವೇ ಅದಕ್ಕೆ ಕಾರಣ. ಸಾಮಾನ್ಯವಾಗಿ ನೋವೇ ಇಲ್ಲದೆ, ನೋಟವು ಅಂಚಿನಿಂದ ಸವೆಯುತ್ತ ಬರುತ್ತದೆ. ದೂರದ ಬೆಟ್ಟ ಕಾಣುತ್ತಿರುವಾಗಲೇ ಪಕ್ಕದ ಬಾಗಿಲುವಾಡ ಭುಜಕ್ಕೆ ತಾಗುತ್ತದೆ. ಹೋದ ನೋಟ ಮರಳಿ ಬಾರದು.

“ಏನೂ ಆಗುವುದಿಲ್ಲ ಮಾವ, ಗುಣವಾಗುತ್ತದೆ” ಎಂದು ನಾನು ಸಂತೈಸಿದೆ. ಅದೇ ತಪ್ಪಾಯಿತು. ಎರಡು ತಿಂಗಳು ಹನಿ ಹಾಕಿಕೊಂಡರೂ ನೋಟ ಹೆಚ್ಚದಿರಲು, ಮಾವ ಔಷಧಿಯನ್ನೇ ಬಿಟ್ಟರು. ಗುಣವಾಗದ ಮದ್ದಿಗೆ ಹಣವೇಕೆಂಬುದು ಅವರ ವಾದ. ಅವರ ಕೈಯಿಂದ ಸೀಸೆಯನ್ನು ಕಸಿದುಕೊಂಡುದು ನನ್ನ ಸಮಾಧಾನದ ಮಾತೇ ಆಗಿತ್ತು.

ಮತ್ತೆ ಹೋದಾಗ ವೈದ್ಯರು ನಿಜವನ್ನೇ ಮೆಲ್ಲಗೆ ಬಿಡಿಸಿ ಹೇಳಿದರು: ಹನಿ ಇರುವುದು ಹೋದ ನೋಟವನ್ನು ತರುವುದಕ್ಕಲ್ಲ, ಉಳಿದುದನ್ನು ಕಾಯುವುದಕ್ಕೆ. ಸ್ವೀಡನ್ ದೇಶದಲ್ಲಿ 255 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒತ್ತಡವನ್ನು ಸರಾಸರಿ ಶೇ. 25ರಷ್ಟು ಇಳಿಸಿದುದರಿಂದ ರೋಗ ಮುಂದುವರಿಯುವ ಸಂಭವ ಸುಮಾರು ಅರ್ಧಕ್ಕೆ ತಗ್ಗಿತು. ಬೇಗ ಗುರುತಿಸಿ, ತಪ್ಪದೆ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ಕುರುಡರಾಗುವುದಿಲ್ಲ.

ಅಂದು ಸಂಜೆ ಹುಳುಮನೆಯಲ್ಲಿ ಕೇಳಿದೆ: “ಮಾವ, ಸೊಪ್ಪು ಹಾಕುವ ಹೊತ್ತನ್ನು ಎಂದಾದರೂ ತಪ್ಪಿಸಿದ್ದೀರಾ?”

“ತಪ್ಪಿಸಿದರೆ ಗೂಡು ಎಲ್ಲಿಂದ ಬರಬೇಕು?”

“ಕಣ್ಣಿಗೂ ಅಷ್ಟೇ.”

ಮಾವ ನಕ್ಕರು. ರಾತ್ರಿಯ ಸೊಪ್ಪು ಹಾಕಿ ಕೈ ತೊಳೆದೊಡನೆ ಹನಿ ಹಾಕಿಕೊಳ್ಳುವುದು ಅಂದಿನಿಂದ ವಾಡಿಕೆಯಾಯಿತು.

ಈ ರೋಗ ಒಡಹುಟ್ಟಿದವರಿಗೂ ಬರುವ ಸಂಭವ ಹೆಚ್ಚೆಂದು ತಿಳಿದು, ತಂಗಿಯಾದ ನನ್ನ ತಾಯಿಯನ್ನು ಪರೀಕ್ಷೆಗೆ ಹೊರಡಿಸಿದವರೂ ಮಾವನೇ. ಬಸ್ಸಿನಲ್ಲಿ ಅವರು ಆಕೆಗೆ ಹೇಳುತ್ತಿದ್ದುದು ನನಗೆ ಕೇಳಿಸಿತು: “ಇದ್ದರೂ ಹೆದರಬೇಡ ಕಣವ್ವ. ಹೋದದ್ದು ಬರುವುದಿಲ್ಲ. ಆದರೆ ಬೇಗ ತಿಳಿದಷ್ಟೂ ಉಳಿಯುವುದು ಹೆಚ್ಚು.”