ಬೆರಳಿಗೆ ಗೊತ್ತು, ನಮಗೆ ಗೊತ್ತಿಲ್ಲ

ವರ್ಷಗಟ್ಟಲೆ ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿದವರನ್ನು ‘ಡ’ ಯಾವ ಕೀಯಲ್ಲಿದೆ ಎಂದು ಕೇಳಿ ನೋಡಿ. ಬಾಯಿಗೆ ಉತ್ತರ ಬರುವ ಮೊದಲೇ ಎಡಗೈಯ ಬೆರಳು ಗಾಳಿಯಲ್ಲಿ ಆಡುತ್ತದೆ. ಅದು ಹೋದ ಕಡೆ ನೋಡಿಕೊಂಡು ಆಮೇಲೆ ಹೇಳುತ್ತಾರೆ.

ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಇದನ್ನೇ ಅಳೆದು ನೋಡಿದ್ದಾರೆ. ನಿಮಿಷಕ್ಕೆ ಸರಾಸರಿ 72 ಪದ ಟೈಪ್ ಮಾಡುವ 100 ಜನರಿಗೆ ಖಾಲಿ ಕೀಲಿಮಣೆಯ ಚಿತ್ರ ಕೊಟ್ಟು, 80 ಸೆಕೆಂಡಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ತುಂಬಿ ಎಂದರು. 26 ಅಕ್ಷರಗಳಲ್ಲಿ ಸರಾಸರಿ 15 ಮಾತ್ರ ಸರಿಯಾದ ಜಾಗಕ್ಕೆ ಬಿದ್ದವು. ದಿನವಿಡೀ ಮುಟ್ಟುವ ಕೀಗಳ ಜಾಗ ಮನಸ್ಸಿಗೆ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ನೆನಪು.

ಹಾಗಾದರೆ ಗೊತ್ತಿರುವುದು ಯಾರಿಗೆ? ಅದೇ ವಿಶ್ವವಿದ್ಯಾಲಯದ ಗಾರ್ಡನ್ ಲೋಗನ್ ಮತ್ತು ಮ್ಯಾಥ್ಯೂ ಕ್ರಂಪ್ 2010ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಟೈಪ್ ಮಾಡುವವರಿಗೆ ತಿಳಿಯದ ಹಾಗೆ ಅವರ ಕೆಲವು ತಪ್ಪುಗಳನ್ನು ಪರದೆಯ ಮೇಲೆ ಕಂಪ್ಯೂಟರೇ ತಿದ್ದಿತು. ಸರಿಯಾಗಿ ಒತ್ತಿದ ಕೆಲವು ಪದಗಳಲ್ಲಿ ತಾನೇ ತಪ್ಪು ಸೇರಿಸಿತು. ಜನ ಪರದೆಯನ್ನೇ ನಂಬಿದರು. ತಿದ್ದಿದ ಪದವನ್ನು ತಮ್ಮದೇ ಸರಿ ಎಂದರು, ಸೇರಿಸಿದ ತಪ್ಪನ್ನು ತಮ್ಮದೇ ತಪ್ಪು ಎಂದು ಒಪ್ಪಿಕೊಂಡರು. ಬೆರಳುಗಳು ಮಾತ್ರ ಮೋಸ ಹೋಗಲಿಲ್ಲ. ನಿಜವಾಗಿ ತಪ್ಪು ಒತ್ತಿದ ಮರುಕ್ಷಣ ಅವು ನಿಧಾನವಾದವು; ಕಂಪ್ಯೂಟರ್ ಸೇರಿಸಿದ ತಪ್ಪಿಗೆ ನಿಧಾನವಾಗಲಿಲ್ಲ.

ಅಂದರೆ ಟೈಪಿಂಗ್‌ನಲ್ಲಿ ಇಬ್ಬರು ಕೆಲಸಗಾರರಿದ್ದಾರೆ. ಒಬ್ಬರು ಪದವನ್ನು ಹೇಳಿ ಪರದೆ ನೋಡುವವರು. ಇನ್ನೊಬ್ಬರು ಆ ಪದವನ್ನು ಕೀಗಳಾಗಿ ಬಿಡಿಸಿ ಬೆರಳಿಗೆ ಹಂಚುವವರು. ಮೊದಲನೆಯವರು ಎರಡನೆಯವರ ಕೆಲಸಕ್ಕೆ ಕೈ ಹಾಕಿದರೆ ಓಟ ನಿಲ್ಲುತ್ತದೆ. ಪಳಗಿದವರಿಗೆ ‘ಎಡಗೈಗೆ ಬರುವ ಅಕ್ಷರಗಳನ್ನು ಮಾತ್ರ ಒತ್ತಿ’ ಎಂದರೂ ಸಾಕು, ತಡವರಿಸುತ್ತಾರೆ.

ತಪ್ಪಾದಾಗ ಬೆರಳು ನಿಧಾನವಾಗುತ್ತದೆ ಎಂಬುದು ಕಚೇರಿಯಲ್ಲಿ ಕೂತು ಟೈಪ್ ಮಾಡುವವರಿಗೆ ದೊಡ್ಡ ಮಾತು. ಒಂದು ತಪ್ಪಿಗೆ ಬ್ಯಾಕ್‌ಸ್ಪೇಸ್ ಒಂದು, ಸರಿಯಾದ ಕೀ ಒಂದು, ಜೊತೆಗೆ ಆ ಹಿಂಜರಿಕೆ. ಆದ್ದರಿಂದ ವೇಗ ಬೇಕೆಂದು ಅವಸರ ಮಾಡುವುದು ವೇಗವನ್ನೇ ತಿನ್ನುತ್ತದೆ. ಫಿನ್ಲೆಂಡಿನ ಆಲ್ಟೊ ಮತ್ತು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಸಂಶೋಧಕರು 1,68,000 ಜನರ 13.6 ಕೋಟಿ ಒತ್ತುಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲೂ, ವೇಗವಾಗಿ ಟೈಪ್ ಮಾಡುವವರೇ ಕಡಿಮೆ ತಪ್ಪು ಮಾಡುವವರು.

ಆ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ವೇಗದವರು ಒಂದು ಕೀಯಿಂದ ಬೆರಳು ಎತ್ತುವ ಮೊದಲೇ ಮುಂದಿನದನ್ನು ಒತ್ತಿರುತ್ತಾರೆ. ಹಳೆಯ ಟೈಪ್‌ರೈಟರಿನಲ್ಲಿ ಹೀಗೆ ಮಾಡಿದರೆ ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿದ್ದವು. ಅದಕ್ಕೇ ಟೈಪಿಂಗ್ ಕ್ಲಾಸುಗಳಲ್ಲಿ ಒಂದೇ ತಾಳದಲ್ಲಿ ಒತ್ತಿ ಬಿಡಲು ಕಲಿಸುತ್ತಿದ್ದರು. ಇಂದಿನ ಕೀಲಿಮಣೆಯಲ್ಲಿ ಕಡ್ಡಿಗಳಿಲ್ಲ. ಅಡ್ಡ ಸಾಲು, ಉದ್ದ ಸಾಲಿನ ತಂತಿಗಳ ಬಲೆಯನ್ನು ಒಂದು ಚಿಪ್ ಬಿಡುವಿಲ್ಲದೆ ತಡಕುತ್ತಿರುತ್ತದೆ. ಯಾವುದನ್ನು ಮೊದಲು ಒತ್ತಿದಿರಿ ಎಂಬುದಷ್ಟೇ ಅದಕ್ಕೆ ಬೇಕು, ಎಷ್ಟು ಜೋರಾಗಿ ಒತ್ತಿದಿರಿ ಎಂಬುದಲ್ಲ. ಹಾಗಾಗಿ ಟೈಪ್‌ರೈಟರಿನಲ್ಲಿ ಪಳಗಿದ ಹಿರಿಯರು ಕುಟ್ಟುವುದನ್ನು ಬಿಟ್ಟು ಹಗುರವಾಗಿ ಒತ್ತಲು ಕಲಿತರೆ ಒಳ್ಳೆಯದು.

ಈಗ ಕನ್ನಡಕ್ಕೆ ಬರೋಣ. ವೇಗ ಅಳೆಯುವಾಗ ಐದು ಒತ್ತಿಗೆ ಒಂದು ಪದ ಎಂದು ಹಿಡಿಯುವ ಇಂಗ್ಲಿಷ್ ಲೆಕ್ಕ ನಮಗೆ ಹೊಂದುವುದಿಲ್ಲ. ‘ವಿಶ್ವವಿದ್ಯಾಲಯದಲ್ಲಿ’ ಎಂಬ ಒಂದೇ ಪದಕ್ಕೆ ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ 18 ಕೀ ಒತ್ತಬೇಕು, ಶಿಫ್ಟ್ ಬೇರೆ. ನಿಮ್ಮ ಕನ್ನಡದ ವೇಗ ಇಂಗ್ಲಿಷಿಗಿಂತ ಕಡಿಮೆ ಕಂಡರೆ ಬೇಸರ ಬೇಡ.

ಒತ್ತಕ್ಷರಗಳಲ್ಲೂ ಒಂದೊಂದರ ಸ್ವಭಾವ ಒಂದೊಂದು. ಈ ವಿನ್ಯಾಸದಲ್ಲಿ ಅರ್ಧಾಕ್ಷರ ಮಾಡುವ ಕೀ ‘ಎಫ್’, ಎಡಗೈ ತೋರುಬೆರಳು ಸದಾ ಕೂತಿರುವ ಜಾಗ. ‘ಲ್ಲ’ ಬರೆಯುವಾಗ ಬಲಗೈ, ಎಡಗೈ, ಮತ್ತೆ ಬಲಗೈ. ಒಂದು ಒತ್ತುತ್ತಿರುವಾಗ ಇನ್ನೊಂದು ಸಿದ್ಧವಾಗಿರುತ್ತದೆ. ‘ತ್ತ’ ಹಾಗಲ್ಲ. ‘ಟಿ’, ‘ಎಫ್’, ‘ಟಿ’ ಮೂರನ್ನೂ ಅದೇ ಎಡ ತೋರುಬೆರಳು ಒತ್ತಬೇಕು, ಮೇಲೆ ಕೆಳಗೆ ಓಡಬೇಕು. ‘ಶ್ವ’ದಲ್ಲೂ ‘ಎಫ್’ ಮತ್ತು ‘ವಿ’ ಒಂದೇ ಬೆರಳಿನ ಪಾಲು. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ವಿನ್ಯಾಸದಲ್ಲಿ ‘ತ’ ಬಲಕ್ಕೆ, ಅರ್ಧಾಕ್ಷರದ ಕೀ ಎಡಕ್ಕೆ ಇರುವುದರಿಂದ ‘ತ್ತ’ ಸಲೀಸು. ಹಾಗೆಂದು ಕೈಗೆ ಕೂತ ವಿನ್ಯಾಸವನ್ನು ಬಿಡಿ ಎಂದು ನಾನು ಹೇಳಲಾರೆ. ಬೆರಳು ವರ್ಷಗಟ್ಟಲೆ ಕಲಿತದ್ದನ್ನು ಮರೆಸುವುದು ಕಷ್ಟದ ಕೆಲಸ.

ಅದರ ಬದಲು ಒಂದು ವಾರ ಹೀಗೆ ಮಾಡಿ. ‘ಎಫ್’ ಮತ್ತು ‘ಜೆ’ ಮೇಲಿನ ಉಬ್ಬುಗೆರೆಯನ್ನು ತೋರುಬೆರಳಿನಿಂದ ಹುಡುಕಿಕೊಂಡು, ಕಣ್ಣನ್ನು ಪರದೆಗೆ ಕೊಟ್ಟುಬಿಡಿ. ಯಾವ ಅಕ್ಷರಕ್ಕೆ ಯಾವ ಬೆರಳು ಎಂಬುದನ್ನು ದಿನಕ್ಕೊಂದು ರೀತಿ ಬದಲಿಸಬೇಡಿ. ನಿಮ್ಮದೇ ಕಚೇರಿಯ ಒಂದು ಪತ್ರವನ್ನು ತಪ್ಪಾಗದಷ್ಟು ನಿಧಾನವಾಗಿ ಟೈಪ್ ಮಾಡಿ, ಕೈ ಎಡವಿದ ಪದಗಳನ್ನು ಮಾತ್ರ ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಮರುದಿನ ಹತ್ತು ನಿಮಿಷ ಆ ಪದಗಳನ್ನಷ್ಟೇ ಅಭ್ಯಾಸ ಮಾಡಿ. ನುಡಿ ಬಳಸುವವರಾದರೆ ‘ಮತ್ತು’ ಎಂಬ ಪದದಿಂದ ಶುರುಮಾಡಿ.